ಕಫ್ ಬಿಪಿ, ಆರ್ಟ್ ಲೈನ್ ಬಿಪಿ ತಾಳೆ ಆಗ್ತಿಲ್ಲ ಅಂದ್ರೆ ತಪ್ಪು ಎಲ್ಲಿದೆ ಅಂತ ಹುಡುಕೋದು ಹೆಂಗೆ

ದೂರು ಬರೋದು ಹೆಚ್ಚುಕಮ್ಮಿ ಒಂದೇ ಥರ. ಪಿಜಿ ಮಾಡೋ ಹುಡುಗ್ರು ಐಸಿಯುದಲ್ಲಿ ಡೇಟಾ ಕೂಡಿಸ್ಕೊಂಡು ಬರ್ತಾರೆ, ತೋಳಿಗೆ ಕಟ್ಟೋ ಕಫ್‌ನ ಬಿಪಿ ಒಂದು ಕಾಲಂ, ರಕ್ತನಾಳದ ಒಳಗೇ ಕೂತು ಅಳೆಯೋ ಆರ್ಟ್ ಲೈನ್‌ದು ಇನ್ನೊಂದು ಕಾಲಂ, "ಕೋರಿಲೇಶನ್ 0.9ರ ಮೇಲೆ ಬಂದದೆ ಸರ್, ಪೇರ್ಡ್ ಟಿ ಟೆಸ್ಟಲ್ಲೂ ವ್ಯತ್ಯಾಸ ಇಲ್ಲ ಅಂತ ಬಂತು, ಎರಡೂ ಒಂದೇ ಅಂತ ಬರೀಬಹುದಲ್ವಾ" ಅಂತಾರೆ. ಅದೇ ವಾರ್ಡಿನ ಸಿಸ್ಟರ್‌ನ ಕೇಳಿದ್ರೆ "ಎಂತ ಒಂದೇ ಮಾರಾಯ್ರೆ, ಬಿಪಿ ಬಿದ್ದ ಪೇಶಂಟಿಗೆ ಕಫ್ ಒಂದು ಹೇಳ್ತದೆ, ಲೈನ್ ಇನ್ನೊಂದು ಹೇಳ್ತದೆ, ಚಾರ್ಟಲ್ಲಿ ಯಾವ್ದು ಬರೀಬೇಕು ಅಂತ ದಿನಾ ಗೊಂದಲ" ಅಂತಾರೆ. ಇಬ್ರೂ ಕಂಡಿದ್ದನ್ನೇ ಹೇಳ್ತಿದ್ದಾರೆ. ಲೆಕ್ಕ ಹಾಕಿದ ರೀತಿಯಲ್ಲಿ ಸಿಸ್ಟರ್ ಕಂಡಿದ್ದು ಮುಚ್ಚಿಹೋಗಿದೆ, ಅಷ್ಟೇ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದು ಥೀಸಿಸ್ ಪಾಸ್ ಮಾಡೋ ಪ್ರಶ್ನೆ ಮಾತ್ರ ಅಲ್ಲ. ಕಾರವಾರದಿಂದ ಗೋವಾಕ್ಕೆ, ಕುಮಟಾ ಭಟ್ಕಳದಿಂದ ಮಣಿಪಾಲಕ್ಕೆ, ಶಿರಸಿ ಯಲ್ಲಾಪುರದಿಂದ ಹುಬ್ಬಳ್ಳಿಗೆ ಅಂತ ಸೀರಿಯಸ್ ಕೇಸೆಲ್ಲ ಆಂಬುಲೆನ್ಸಲ್ಲಿ ಹೋಗ್ತದೆ, ಆ ದಾರಿಯಲ್ಲಿ ಇರೋದು ಕಫ್ ಒಂದೇ. ಮಳೆಗಾಲದಲ್ಲಿ ಘಾಟಿ ಕುಸಿದ್ರೆ, 2024ರ ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಜಾರಿ ಹೆದ್ದಾರಿ 66 ಬಂದ್ ಆದ ಹಂಗೆ ಆದ್ರೆ, ಆ ಕಫ್ ನಂಬರಿನ ಮೇಲೇ ಎಷ್ಟೋ ಹೊತ್ತು ಪೇಶಂಟನ್ನ ನೋಡ್ಕೋಬೇಕಾಗ್ತದೆ. ಕಫ್ ಎಷ್ಟು ತಪ್ಪಬಹುದು, ಯಾವ ಕಡೆಗೆ ತಪ್ತದೆ, ಯಾವ ಪೇಶಂಟಲ್ಲಿ ತಪ್ತದೆ ಅಂತ ಗೊತ್ತಿದ್ದವ್ರಿಗೆ ಅದೇ ನಂಬರ್ ಉಪಯೋಗಕ್ಕೆ ಬರ್ತದೆ, ಗೊತ್ತಿಲ್ದೇ ಇದ್ರೆ ದಾರಿ ತಪ್ಪಿಸ್ತದೆ. ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ಹುಡುಕೋ ಕ್ರಮ ಹೀಗಿರ್ಲಿ: ಮೊದ್ಲು ಲೈನು, ಆಮೇಲೆ ಕಫ್, ಆಮೇಲೆ ಗಡಿಯಾರ, ಕೊನೆಗೆ ಲೆಕ್ಕ. ಎಲ್ರೂ ಉಲ್ಟಾ ಮಾಡ್ತಾರೆ, ಸಾಫ್ಟ್‌ವೇರ್ ತೆಗೆದು ಟೆಸ್ಟ್ ಬದಲಾಯಿಸ್ತಾ ಕೂರ್ತಾರೆ. ಬೆಡ್ ಹತ್ರ ಕೆಟ್ಟಿರೋ ಡೇಟಾ ಯಾವ ಟೆಸ್ಟಿಂದ್ಲೂ ಸರಿ ಆಗೋದಿಲ್ಲ.

ಲೈನೇ ತಪ್ಪು ಹೇಳ್ತಿರಬಹುದು

ಆರ್ಟ್ ಲೈನ್ ಅಂದ್ರೆ ಗೋಲ್ಡ್ ಸ್ಟ್ಯಾಂಡರ್ಡ್, ಅದು ಹೇಳಿದ್ದೇ ಸತ್ಯ ಅಂತ ಹಿಡ್ಕೊಂಡು ಹೊರಡೋದ್ರಲ್ಲೇ ಅರ್ಧ ತೊಂದ್ರೆ ಶುರು ಆಗ್ತದೆ. ಟ್ರಾನ್ಸ್‌ಡ್ಯೂಸರ್ (ಲೈನಿನ ಒತ್ತಡ ಹಿಡಿದು ಮಾನಿಟರಿಗೆ ಕಳಿಸೋ ಭಾಗ) ಹೃದಯದ ಮಟ್ಟಕ್ಕೆ ಇರ್ಬೇಕು, ಅಂದ್ರೆ ಪಕ್ಕೆಲುಬಿನ ನಾಲ್ಕನೇ ಸಂದಿ ಮತ್ತೆ ಕಂಕುಳ ಮಧ್ಯದ ಗೆರೆ ಸೇರೋ ಜಾಗ. ಅದಕ್ಕಿಂತ 10 ಸೆಂ.ಮೀ. ಕೆಳಗೆ ಇದ್ರೆ ಬಿಪಿ ಸುಮಾರು 7.4 ಮಿ.ಮೀ. ಜಾಸ್ತಿ ತೋರಿಸ್ತದೆ, ಮೇಲೆ ಇದ್ರೆ ಅಷ್ಟೇ ಕಮ್ಮಿ. ಇದು ನೀರಿನ ಕಂಬದ ಲೆಕ್ಕ, ಯಾವ ಕಂಪನಿ ಮಾನಿಟರ್ ಆದ್ರೂ ತಪ್ಪೋದಿಲ್ಲ. ಬೆಡ್ ತಲೆ ಕಡೆ ಎತ್ತಿದ್ರು, ಟ್ರಾನ್ಸ್‌ಡ್ಯೂಸರ್ ಸ್ಟ್ಯಾಂಡಲ್ಲಿ ಇದ್ದಲ್ಲೇ ಉಳೀತು ಅಂದ್ರೆ ಆ ಶಿಫ್ಟಿನ ರೀಡಿಂಗೆಲ್ಲ ಒಂದೇ ಕಡೆ ವಾಲ್ತದೆ. ಹಾಗಾಗಿ ಪ್ರತಿ ಶಿಫ್ಟಲ್ಲಿ, ಪೇಶಂಟನ್ನ ಎಬ್ಬಿಸಿ ಮಲಗಿಸಿದಾಗೆಲ್ಲ, ಮಟ್ಟ ನೋಡಿ ಝೀರೋ ಮಾಡಿ (ಗಾಳಿಗೆ ತೆರೆದು ಸೊನ್ನೆ ಕೂರಿಸಿ), ಮಾಡಿದ ಟೈಮನ್ನೂ ಬರೆದಿಡಿ.

ಎರಡನೇದು ಡ್ಯಾಂಪಿಂಗ್, ಅಂದ್ರೆ ಟ್ಯೂಬಿನೊಳಗೆ ಒತ್ತಡದ ಅಲೆ ಎಷ್ಟು ಮಂಕಾಗ್ತದೆ ಅನ್ನೋದು. ಪ್ರೆಶರ್ ಬ್ಯಾಗ್ (ಲೈನಿಗೆ ಸಲೈನ್ ತಳ್ಳೋ ಚೀಲ) 300ರಲ್ಲಿ ಇದ್ಯಾ ಅಂತ ನೋಡಿ, ಫ್ಲಶ್ ವಾಲ್ವ್ ಎಳೆದು ತಟ್ಟನೆ ಬಿಡಿ. ಸ್ಕ್ರೀನ್ ಮೇಲೆ ಅಲೆ ಚೌಕಾಕಾರಕ್ಕೆ ಏರಿ ಕೆಳಗೆ ಬಿದ್ದು ಒಂದೆರಡು ಸಲ ಕುಣಿದು ಸುಮ್ಮನಾದ್ರೆ ಸರಿ ಇದೆ. ಕುಣಿತ ನಿಲ್ತಾನೇ ಇಲ್ಲ ಅಂದ್ರೆ ಅಂಡರ್ ಡ್ಯಾಂಪ್, ಟ್ಯೂಬಿಂಗ್ ಉದ್ದ ಆಗಿರ್ತದೆ ಇಲ್ಲಾಂದ್ರೆ ನಡುವೆ ತ್ರೀ-ವೇ ನಲ್ಲಿಗಳು ಜಾಸ್ತಿ ಆಗಿರ್ತವೆ, ಆಗ ಸಿಸ್ಟೋಲಿಕ್ (ಬಿಪಿಯ ಮೇಲಿನ ನಂಬರ್) ಇದ್ದಿದ್ದಕ್ಕಿಂತ ಮೇಲೆ, ಡಯಾಸ್ಟೋಲಿಕ್ (ಕೆಳಗಿನ ನಂಬರ್) ಕೆಳಗೆ. ಕುಣಿಯೋದೇ ಇಲ್ಲ, ಸೋತ ಹಂಗೆ ನಿಧಾನಕ್ಕೆ ಇಳೀತದೆ ಅಂದ್ರೆ ಓವರ್ ಡ್ಯಾಂಪ್, ಗುಳ್ಳೆ, ಹೆಪ್ಪುಗಟ್ಟಿದ ರಕ್ತ, ಮಡಚಿದ ಕ್ಯಾನುಲಾ ಅಥವಾ ಗಾಳಿ ಇಳಿದ ಬ್ಯಾಗು, ಆಗ ಉಲ್ಟಾ. ಎರಡರಲ್ಲೂ ಮೀನ್ ಪ್ರೆಶರ್ (ಒಂದು ಬಡಿತದುದ್ದಕ್ಕೂ ಇರೋ ಸರಾಸರಿ ಒತ್ತಡ) ಹೆಚ್ಚು ಕದಲೋದಿಲ್ಲ. ಹಾಗಾಗಿ ಸಿಸ್ಟೋಲಿಕ್ಕಲ್ಲಿ ದೊಡ್ಡ ಜಗಳ, ಮೀನಲ್ಲಿ ಶಾಂತಿ ಅಂತ ಡೇಟಾದಲ್ಲಿ ಕಂಡ್ರೆ ನಾನು ಮೊದ್ಲು ಕೇಳೋದು ಫ್ಲಶ್ ಟೆಸ್ಟ್ ಮಾಡಿದ್ರಾ ಅಂತ. ಕೈ ಮಣಿಕಟ್ಟಿನ ನಾಳದಲ್ಲಿ ಸಿಸ್ಟೋಲಿಕ್ ತೋಳಿಗಿಂತ ಸಹಜವಾಗೇ ಸ್ವಲ್ಪ ಮೇಲೆ ಇರೋದೂ ಉಂಟು, ಅದು ದೋಷ ಅಲ್ಲ.

ಕಫ್ ಕಡೆ

ಇಲ್ಲಿ ಹೇಳೋದು ಕಮ್ಮಿ. ಕಫ್ ಒಳಗಿನ ಬ್ಲಾಡರಿನ ಅಗಲ ತೋಳಿನ ಸುತ್ತಳತೆಯ ಶೇ. 40ರಷ್ಟು, ಉದ್ದ ಶೇ. 80ರಷ್ಟು ಇರ್ಬೇಕು. ದಪ್ಪ ತೋಳಿಗೆ ಸಣ್ಣ ಕಫ್ ಕಟ್ಟಿದ್ರೆ ಬಿಪಿ ಜಾಸ್ತಿ ತೋರಿಸ್ತದೆ. ಪೇಶಂಟ್ ಪಕ್ಕಕ್ಕೆ ಹೊರಳಿ ತೋಳು ಎದೆಗಿಂತ ಮೇಲೆ ಕೆಳಗೆ ಆದ್ರೆ ಮೇಲೆ ಹೇಳಿದ ನೀರಿನ ಕಂಬದ ಲೆಕ್ಕ ಇಲ್ಲೂ ಹಿಡೀತದೆ. ಎರಡೂ ತೋಳಲ್ಲಿ ಒಮ್ಮೆ ಅಳೆದು ನೋಡಿ, ಬಲಕ್ಕೂ ಎಡಕ್ಕೂ ಫರಕು ಇದ್ದ ಪೇಶಂಟಿಗೆ ಲೈನ್ ಒಂದು ಕೈಲಿ ಕಫ್ ಇನ್ನೊಂದು ಕೈಲಿ ಇದ್ರೆ ಆ ಫರಕೇ ನಿಮ್ಮ "ಎರರ್" ಆಗಿ ಕೂರ್ತದೆ. ನಾಡಿ ತಪ್ಪಿ ತಪ್ಪಿ ಬಡಿಯೋ ಎಟ್ರಿಯಲ್ ಫಿಬ್ರಿಲೇಶನ್ ಪೇಶಂಟ್ ಇದ್ರೆ ಬೇರೆ ಗುರುತು ಹಾಕಿಡಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ಬೇಕು, ಆಟೋಮ್ಯಾಟಿಕ್ ಕಫ್ ನಿಜವಾಗಿ ಹಿಡಿಯೋದು ನಾಳದ ಅಲುಗಾಟವನ್ನ, ಅದರಿಂದ ಚೆನ್ನಾಗಿ ಸಿಗೋದು ಮೀನ್ ಪ್ರೆಶರ್, ಸಿಸ್ಟೋಲಿಕ್ ಡಯಾಸ್ಟೋಲಿಕ್ ಎರಡನ್ನೂ ಕಂಪನಿಯವ್ರು ತಮ್ಮದೇ ಸೂತ್ರದಿಂದ ಲೆಕ್ಕ ಹಾಕಿ ಕೊಡ್ತಾರೆ. ಲೈನಲ್ಲೂ ಡ್ಯಾಂಪಿಂಗಿಗೆ ಕಮ್ಮಿ ಬಗ್ಗೋದು ಮೀನೇ. ಆದ್ದರಿಂದ ಹೋಲಿಕೆ ಯಾವಾಗ್ಲೂ ಮೀನ್ ಪ್ರೆಶರಿಂದ ಶುರು ಮಾಡಿ, ಸಿಸ್ಟೋಲಿಕ್ ಆಮೇಲೆ.

ಗಡಿಯಾರ

ನಾನು ನೋಡಿದ ಫೈಲುಗಳಲ್ಲಿ ಯಾರೂ ಸಂಶಯ ಪಡದ ಜಾಗ ಇದು. ಕಫ್ ಉಬ್ಬಿ ಇಳಿಯೋದಕ್ಕೆ ಅರ್ಧ ನಿಮಿಷ ಹಿಡೀತದೆ, ಕೆಲವು ಸಲ ಅದಕ್ಕಿಂತ ಜಾಸ್ತಿ, ಲೈನ್ ನಂಬರ್ ಕ್ಷಣಕ್ಷಣಕ್ಕೆ ಬದಲಾಗ್ತಾ ಇರ್ತದೆ. ಸಿಸ್ಟರ್ ಕಫ್ ನಂಬರ್ ಬರ್ಕೊಂಡು, ಇನ್ನೊಂದು ಬೆಡ್ಡಿನ ಪಂಪ್ ಅಲಾರಂ ನಿಲ್ಲಿಸಿ ಬಂದು ಲೈನ್ ನಂಬರ್ ಬರ್ಕೊಂಡ್ರೆ ಅದು ಜೋಡಿಯೇ ಅಲ್ಲ, ನಡುವೆ ನಾರ್‌ಅಡ್ರಿನಲಿನ್ (ಬಿಪಿ ಏರಿಸೋ ಔಷಧಿ) ಏರಿಸಿದ್ರಂತೂ ಮುಗೀತು. ಕಂಪ್ಯೂಟರಿಂದ ಇಳಿಸಿಕೊಂಡ ಡೇಟಾ ಆದ್ರೂ ನಂಬೋ ಹಂಗಿಲ್ಲ, ಮಾನಿಟರಿನ ಗಡಿಯಾರ ಒಂದು ಟೈಮು, ಕಂಪ್ಯೂಟರಿಂದು ಇನ್ನೊಂದು ಟೈಮು, ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಆದ ಮೇಲೆ ಯಾರೂ ಟೈಮ್ ಸರಿ ಮಾಡಿರೋದಿಲ್ಲ.

ಇದನ್ನ ಹಿಡಿಯೋದು ಸುಲಭ. ಎಸ್‌ಪಿಒ2 (ಬೆರಳಿಂದ ರಕ್ತದ ಆಕ್ಸಿಜನ್ ಅಳೆಯೋ) ಕ್ಲಿಪ್ಪನ್ನ ಒಂದೆರಡು ಸಲ ಕಫ್ ಇರೋ ಕೈಗೇ ಹಾಕಿ, ಕಫ್ ಉಬ್ಬಿದಾಗ ಬೆರಳಿನ ಅಲೆ ಪೂರ್ತಿ ಮಾಯ ಆಗ್ತದೆ, ಇಳಿದಾಗ ವಾಪಸ್ ಬರ್ತದೆ, ರೆಕಾರ್ಡಲ್ಲಿ ಅದೇ ನಿಮ್ಮ ಗುರುತು. ರೆಕಾರ್ಡಲ್ಲಿ ಕಫ್ ಟೈಮ್ 10:15 ಅಂತಿದ್ದು ಅಲೆ ಮಾಯ ಆಗಿದ್ದು 10:08ಕ್ಕೆ ಅಂದ್ರೆ ಏಳು ನಿಮಿಷದ ಪೆಟ್ಟು ಬಿದ್ದದೆ. ಹಳೇ ಡೇಟಾದಲ್ಲಿ ಇದು ಸಿಗ್ದೇ ಇದ್ರೆ ಲೆಕ್ಕದಿಂದ್ಲೂ ಹುಡುಕಬಹುದು, ಕಫ್ ಕಾಲಂನ ಒಂದೊಂದೇ ನಿಮಿಷ ಹಿಂದೆ ಮುಂದೆ ಸರಿಸ್ತಾ ಪ್ರತಿ ಸಲ ವ್ಯತ್ಯಾಸದ ಎಸ್‌ಡಿ (ವ್ಯತ್ಯಾಸಗಳು ಎಷ್ಟು ಹರಡಿವೆ ಅನ್ನೋ ಅಳತೆ) ತೆಗೀರಿ, ಅದು ಸೊನ್ನೆ ನಿಮಿಷದಲ್ಲೇ ಕನಿಷ್ಠ ಆಗ್ಬೇಕು, ಏಳನೇ ನಿಮಿಷದಲ್ಲಿ ಕನಿಷ್ಠ ಆಯ್ತು ಅಂದ್ರೆ ತಪ್ಪು ಕಫ್‌ದಲ್ಲ, ಗಡಿಯಾರದ್ದು.

ಜೋಡಿ ಮಾಡುವಾಗ ಲೈನಿನ ಒಂದೇ ನಂಬರ್ ಹೆಕ್ಕಬೇಡಿ, ಕಫ್ ಅಳೀತಿದ್ದ ಆ ಅರ್ಧ ನಿಮಿಷದ ಲೈನ್ ರೀಡಿಂಗುಗಳ ಸರಾಸರಿ ತಗೊಳ್ಳಿ. ಲೈನೂ ಕಫೂ ಒಂದೇ ಕೈಲಿ ಇದ್ರೆ ಕಫ್ ಉಬ್ಬಿದಾಗ ಲೈನ್ ಅಲೆ ಚಪ್ಪಟೆ ಆಗ್ತದೆ, ಆಗ ಉಬ್ಬೋದಕ್ಕೆ ಸ್ವಲ್ಪ ಮುಂಚಿನ ಸರಾಸರಿ. ಕೈಬರಹದ ಚಾರ್ಟ್ ಆದ್ರೆ ಕೊನೇ ಅಂಕಿ ಎಣಿಸಿ ನೋಡಿ, ಮಷೀನ್ ಕೊಟ್ಟ ನಂಬರಲ್ಲಿ 0ಯಿಂದ 9ರ ತನಕ ಪ್ರತಿ ಅಂಕಿ ಹತ್ತಿರ ಹತ್ತಿರ ಶೇ. 10 ಬರ್ಬೇಕು, ಅರ್ಧಕ್ಕರ್ಧ ಸೊನ್ನೆಯಲ್ಲೇ ಮುಗಿದಿದ್ರೆ ಯಾರೋ ಹತ್ತಿರದ ಹತ್ತಕ್ಕೆ ತಂದು ಬರೆದಿದ್ದಾರೆ ಅಂತ ಅರ್ಥ.

ಈಗ ಲೆಕ್ಕ

ಕೋರಿಲೇಶನ್ ಎಂತಕ್ಕೆ ಬೇಡ ಅಂತ ಮೊದ್ಲು. ಶಿರಸಿಯ ಅಡಿಕೆ ಮಂಡಿಯಲ್ಲಿ ಎರಡು ತಕ್ಕಡಿ ಇದ್ದು ಒಂದು ಪ್ರತಿ ಚೀಲಕ್ಕೂ ಎರಡು ಕೆ.ಜಿ. ಕಮ್ಮಿ ತೋರಿಸಿದ್ರೆ ಅವೆರಡರ ಕೋರಿಲೇಶನ್ ಪಕ್ಕಾ 1, ಆದ್ರೆ ಬೆಳೆಗಾರ ಪ್ರತಿ ಚೀಲಕ್ಕೂ ಮೋಸ ಹೋಗ್ತಾನೆ. ಒಂದು ಏರಿದ ಹಂಗೆ ಇನ್ನೊಂದೂ ಏರ್ತದಾ ಅಂತ ಕೋರಿಲೇಶನ್ ಹೇಳ್ತದೆ, ಎರಡೂ ಒಂದೇ ನಂಬರ್ ಕೊಡ್ತವಾ ಅಂತ ಹೇಳೋದಿಲ್ಲ. ಮೇಲಿಂದ ಪೇಶಂಟುಗಳ ಬಿಪಿ 50ರಿಂದ 130ರ ತನಕ ಹರಡಿದ್ರೆ ಆರ್ (ಕೋರಿಲೇಶನ್ನಿನ ನಂಬರ್) ತಾನಾಗೇ ದೊಡ್ಡದಾಗ್ತದೆ, ಎಲ್ರೂ 75ರಿಂದ 85ರೊಳಗೆ ಇದ್ರೆ ಅದೇ ಮಷೀನಿಗೇ ಆರ್ ಬಿದ್ದುಹೋಗ್ತದೆ. ಪೇರ್ಡ್ ಟಿ ಟೆಸ್ಟಿನದ್ದು ಇನ್ನೂ ಅಪಾಯ, ಅದು ಕೇಳೋದು ಸರಾಸರಿ ವ್ಯತ್ಯಾಸ ಸೊನ್ನೆಯಾ ಅಂತ ಮಾತ್ರ. ಅರ್ಧ ಜನಕ್ಕೆ 20 ಜಾಸ್ತಿ, ಅರ್ಧ ಜನಕ್ಕೆ 20 ಕಮ್ಮಿ ತೋರಿಸೋ ಕೆಟ್ಟ ಮಷೀನ್ ಅದರಲ್ಲಿ ಆರಾಮಾಗಿ ಪಾಸಾಗ್ತದೆ.

ಲೆಕ್ಕ ಕಣ್ಣಿಗೆ ಕಾಣ್ಲಿ ಅಂತ ಎಂಟು ಜೋಡಿಯ ಒಂದು ಉದಾಹರಣೆ ಮಾಡಿ ಕೊಡ್ತೀನಿ, ನಿಜ ಪೇಶಂಟುಗಳದ್ದಲ್ಲ. ಮೀನ್ ಪ್ರೆಶರ್ ಲೈನಲ್ಲಿ 58, 62, 66, 74, 80, 88, 96, 104. ಕಫಲ್ಲಿ ಅದೇ ಕ್ರಮದಲ್ಲಿ 66, 68, 71, 76, 79, 85, 91, 96. ಕೋರಿಲೇಶನ್ ತೆಗೀರಿ, 0.999. ಪೇರ್ಡ್ ಟಿ ಟೆಸ್ಟ್, ಪಿ ವ್ಯಾಲ್ಯೂ ಸುಮಾರು 0.8, ಅಂದ್ರೆ ಸರಾಸರಿಯಲ್ಲಿ ವ್ಯತ್ಯಾಸ ಇದೆ ಅನ್ನೋದಕ್ಕೆ ಪುರಾವೆ ಇಲ್ಲ. ಕಫ್‌ನಿಂದ ಲೈನ್ ಕಳೆದ್ರೆ ಸರಾಸರಿ ವ್ಯತ್ಯಾಸ 0.5, ಎಸ್‌ಡಿ 5.7. ಬಿಪಿ ಮಷೀನಿಗೆ ಇರೋ ಪ್ರಸಿದ್ಧ ಮಾನದಂಡ ಅಂದ್ರೆ ಸರಾಸರಿ ವ್ಯತ್ಯಾಸ 5ರೊಳಗೆ, ಎಸ್‌ಡಿ 8ರೊಳಗೆ, ಅದ್ರಲ್ಲೂ ಪಾಸ್ (ಆ ಮಾನದಂಡ ಕೇಳೋವಷ್ಟು ಜನ ಇಲ್ಲಿಲ್ಲ, ಅದು ಬೇರೆ ಮಾತು). ಹಂಗಾರೆ ಎಲ್ಲ ಚೆನ್ನಾಗಿದೆ?

ಮೊದಲ ಎರಡು ಜೋಡಿ ನೋಡಿ. ಲೈನ್ 58, 62. ಸೆಪ್ಸಿಸ್ (ಸೋಂಕು ಮೈಗೆಲ್ಲ ಏರಿದ) ಪೇಶಂಟಿಗೆ ಮೀನ್ ಪ್ರೆಶರ್ 65 ಕಾಪಾಡ್ಬೇಕು ಅನ್ನೋದು ಎಲ್ಲ ಐಸಿಯುದಲ್ಲೂ ಗೋಡೆಗೆ ಅಂಟಿಸಿದ ಗುರಿ. ಈ ಇಬ್ರೂ ಅದಕ್ಕಿಂತ ಕೆಳಗೆ ಇದ್ದಾರೆ, ಕಫ್ ಮಾತ್ರ 66, 68 ಅಂತ ಹೇಳಿ ಇಬ್ರನ್ನೂ ಗೆರೆಯ ಮೇಲೆ ಕೂರಿಸಿಬಿಡ್ತು. ಬಿಪಿ ಬಿದ್ದವ್ರು ಇದ್ದಿದ್ದೇ ಇಬ್ರು, ಇಬ್ರೂ ತಪ್ಪಿಹೋದ್ರು. ಸಿಸ್ಟರ್ ದಿನಾ ಹೇಳ್ತಿರೋದು ಇದನ್ನೇ. ಕಫ್ ಕೆಳಗಿನ ಬಿಪಿಯನ್ನ ಜಾಸ್ತಿ ಓದೋದು, ಮೇಲಿನ ಬಿಪಿಯನ್ನ ಕಮ್ಮಿ ಓದೋದು ಕಟ್ಟು ಕಥೆ ಅಲ್ಲ, ಐಸಿಯು ಡೇಟಾಗಳಲ್ಲಿ ಮತ್ತೆ ಮತ್ತೆ ಕಂಡ ಸ್ವಭಾವ, ಮೇಲಿನ ತಪ್ಪೂ ಕೆಳಗಿನ ತಪ್ಪೂ ಕೂಡಿ ಕಳೆದು ಸರಾಸರಿಯಲ್ಲಿ ಸೊನ್ನೆ ಆಗಿಬಿಡ್ತದೆ.

ಇದನ್ನ ಬಯಲಿಗೆ ತರೋ ಚಿತ್ರ ಬ್ಲಾಂಡ್ ಮತ್ತು ಆಲ್ಟ್‌ಮನ್ ಅನ್ನೋ ಇಬ್ರು ಸಂಖ್ಯಾಶಾಸ್ತ್ರಜ್ಞರದ್ದು, 1983ರಲ್ಲಿ ಮೊದ್ಲು ಹೇಳಿ 1986ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ವೈದ್ಯರಿಗೆ ಅರ್ಥ ಆಗೋ ಹಂಗೆ ಬರೆದ್ರು. ಅಡ್ಡ ಗೆರೆಯಲ್ಲಿ ಪ್ರತಿ ಜೋಡಿಯ ಸರಾಸರಿ, ಉದ್ದ ಗೆರೆಯಲ್ಲಿ ವ್ಯತ್ಯಾಸ, ಅಷ್ಟೇ. ನಡುವೆ ಸರಾಸರಿ ವ್ಯತ್ಯಾಸದ ಗೆರೆ, ಅದಕ್ಕೆ 1.96 ಎಸ್‌ಡಿ ಕೂಡಿಸಿ ಒಂದು, ಕಳೆದು ಒಂದು ಗೆರೆ. ವ್ಯತ್ಯಾಸಗಳು ನಾರ್ಮಲ್ ಆಗಿ ಹರಡಿದ್ರೆ ಶೇ. 95ರಷ್ಟು ಆ ಎರಡು ಗೆರೆಯೊಳಗೆ ಬೀಳ್ತವೆ. ನಮ್ಮ ಉದಾಹರಣೆಯಲ್ಲಿ ಆ ಗೆರೆಗಳು -10.6 ಮತ್ತು +11.6. ಕಫ್ 70 ಅಂದ್ರೆ ಲೈನ್ ಸುಮಾರು 58ರಿಂದ 81ರ ತನಕ ಎಲ್ಲಾದ್ರೂ ಇರಬಹುದು ಅಂತ ಅದರ ಅರ್ಥ. ಹಿಂಗೆ ಬಿಡಿಸಿ ಹೇಳಿದ ಮೇಲೆ "ಎರಡೂ ಒಂದೇ" ಅಂತ ಬರೆಯೋದಕ್ಕೆ ಯಾರಿಗೂ ಕೈ ಬರೋದಿಲ್ಲ.

ಚಿತ್ರದ ಆಕಾರ ನೋಡಿ ದೋಷ ಹಿಡಿಯೋದು

ತುಂಬ ಜನ ಈ ಚಿತ್ರ ಬರೆದು ಮೂರು ಗೆರೆಯ ನಂಬರ್ ಮಾತ್ರ ಬರ್ಕೊಂಡು ಮುಂದೆ ಹೋಗ್ತಾರೆ. ಚುಕ್ಕಿಗಳು ಕೂತಿರೋ ರೀತಿಯಲ್ಲೇ ರೋಗದ ಗುರುತು ಇರೋದು, ಇಲ್ಲಿ ಪುರಸೊತ್ತು ಮಾಡ್ಕೊಂಡು ಕೂರ್ಬೇಕು.

ಚುಕ್ಕಿಗಳೆಲ್ಲ ಒಂದು ಸಪಾಟು ಪಟ್ಟಿಯಾಗಿ ಸೊನ್ನೆಗಿಂತ ಮೇಲೋ ಕೆಳಗೋ ಕೂತಿದ್ರೆ ಎಲ್ರಿಗೂ ಒಂದೇ ಅಳತೆಯ ತಪ್ಪು, ಝೀರೋ ಮಾಡಿಲ್ಲ ಇಲ್ಲಾ ಟ್ರಾನ್ಸ್‌ಡ್ಯೂಸರ್ ಮಟ್ಟ ಸರಿ ಇಲ್ಲ. ಪಟ್ಟಿ 7ರ ಹತ್ರ ಕೂತ್ರೆ ನಾನು ಹತ್ತು ಸೆಂಟಿಮೀಟರ್ ಎಲ್ಲಿ ತಪ್ಪಿತು ಅಂತ ಹುಡುಕ್ತೀನಿ. ಅದೇ, ಪೇಶಂಟಿಗೆ ಒಂದು ಬಣ್ಣ ಕೊಟ್ಟಾಗ ಪ್ರತಿ ಬಣ್ಣವೂ ತನ್ನದೇ ಎತ್ತರದಲ್ಲಿ ಗುಂಪು ಕಟ್ಟಿದ್ರೆ ತಪ್ಪು ಬೆಡ್ ಬೆಡ್ಡಿಗೆ ಬೇರೆ, ಕಫ್ ಸೈಜು, ತೋಳಿಂದ ತೋಳಿಗೆ ಇರೋ ಫರಕು, ಆ ಬೆಡ್ಡಿನ ಟ್ರಾನ್ಸ್‌ಡ್ಯೂಸರ್ ಮಟ್ಟ. ಬಣ್ಣ ಕೊಡದೇ ಕಪ್ಪು ಚುಕ್ಕಿ ಮಾತ್ರ ಹಾಕಿದ್ರೆ ಇದು ಯಾವತ್ತೂ ಕಾಣೋದಿಲ್ಲ, ದಯವಿಟ್ಟು ಬಣ್ಣ ಕೊಡಿ.

ಚುಕ್ಕಿಗಳು ಎಡಗಡೆ ಮೇಲೆ, ಬಲಗಡೆ ಕೆಳಗೆ, ಇಳಿಜಾರಾಗಿ ಕೂತಿದ್ರೆ ನಮ್ಮ ಎಂಟು ಜೋಡಿಯ ಕಥೆ. ವ್ಯತ್ಯಾಸಕ್ಕೂ ಸರಾಸರಿಗೂ ಒಂದು ಗೆರೆ ಕೂರಿಸಿದ್ರೆ ಇಳಿಜಾರು -0.41 ಬರ್ತದೆ, ಅಂದ್ರೆ ಬಿಪಿ 10 ಏರಿದಂಗೆ ವ್ಯತ್ಯಾಸ ಸುಮಾರು 4 ಇಳೀತದೆ. ಇಂಥ ಕಡೆ ಒಂದೇ ಸರಾಸರಿ, ಒಂದೇ ಜೋಡಿ ಗೆರೆ ಕೊಡೋದು ಓದುವವ್ರಿಗೆ ಅನ್ಯಾಯ. ಗೆರೆಗಳನ್ನೂ ಆ ಇಳಿಜಾರಿನ ಜೊತೆಗೇ ಓರೆಯಾಗಿ ಎಳೆಯೋ ವಿಧಾನ ಅದೇ ಇಬ್ರು 1999ರಲ್ಲಿ ಕೊಟ್ಟಿದ್ದಾರೆ, ಅದನ್ನ ಹಾಕಿ, ಇಲ್ಲಾಂದ್ರೆ 65ರ ಕೆಳಗಿನ ಜೋಡಿಗಳನ್ನಾದ್ರೂ ಬೇರೆ ತೋರಿಸಿ. ಅಡ್ಡ ಗೆರೆಯಲ್ಲಿ ಸರಾಸರಿ ಬಿಟ್ಟು ಲೈನ್ ನಂಬರನ್ನೇ ಹಾಕಬೇಡಿ, ಲೈನಲ್ಲೂ ತಪ್ಪು ಇರೋದ್ರಿಂದ ಇಲ್ಲದ ಇಳಿಜಾರು ಹುಟ್ಟಿಕೊಳ್ತದೆ, ಇದನ್ನೂ ಅವ್ರೇ 1995ರಲ್ಲಿ ತೋರಿಸಿದ್ದಾರೆ.

ಎಡಕ್ಕೆ ಇರುಕಾಗಿ ಬಲಕ್ಕೆ ಅಗಲ ಆಗ್ತಾ ಹೋದ್ರೆ ತಪ್ಪು ಅಳತೆಯ ಜೊತೆ ಬೆಳೀತಿದೆ. ಲಾಗ್ ತೆಗೆದು ಇಲ್ಲಾ ಶೇಕಡಾ ವ್ಯತ್ಯಾಸದಲ್ಲಿ ಮತ್ತೆ ಚಿತ್ರ ಬರೀರಿ. ಹೃದಯ ನಿಮಿಷಕ್ಕೆ ಪಂಪ್ ಮಾಡೋ ರಕ್ತದ ಅಳತೆ, ಅಂದ್ರೆ ಕಾರ್ಡಿಯಾಕ್ ಔಟ್‌ಪುಟ್‌ನಲ್ಲಿ ಇದು ಹೆಚ್ಚು, ಅಲ್ಲಿ 1999ರಿಂದ ಶೇ. 30ರ ಗೆರೆ ಬಳಕೆಯಲ್ಲಿದೆ, ಹಳೇ ವಿಧಾನಕ್ಕೆ ಶೇ. 20 ತಪ್ಪು, ಹೊಸದಕ್ಕೆ ಶೇ. 20, ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದ್ರೆ 28.3, ಅಲ್ಲಿಂದ ಬಂದಿದ್ದು. ಹಳೇ ವಿಧಾನದ ತಪ್ಪು ನಿಮ್ಮಲ್ಲಿ ಎಷ್ಟು ಅಂತ ಅಳೀದೇ ಆ 30ನ್ನ ಕಣ್ಣುಮುಚ್ಚಿ ಹಚ್ಚೋದು ನನಗೆ ಸರಿ ಕಾಣೋದಿಲ್ಲ.

ಓರೆ ಓರೆ ಗೆರೆಗಳ ಮೇಲೆ ಚುಕ್ಕಿಗಳು ಸಾಲಾಗಿ ನಿಂತಿದ್ರೆ ಅಂಕಿಗಳನ್ನ ದುಂಡು ಮಾಡಿ ಬರೆದಿದ್ದಾರೆ. ಎಲ್ಲ ಒಟ್ಟಿಗೆ ಇದ್ದು ಒಂದೆರಡು ಮಾತ್ರ ದೂರ ಬಿದ್ದಿದ್ರೆ ಆ ಟೈಮಿನ ಅಲೆ ತೆಗೆದು ನೋಡಿ, ಲೈನಿಂದ ರಕ್ತ ಎಳೀತಿದ್ರಾ, ಫ್ಲಶ್ ಮಾಡಿದ್ರಾ, ಪೇಶಂಟ್ ನಡುಗ್ತಿದ್ದಾರಾ. ಕಾರಣ ಸಿಕ್ಕಿದ್ರೆ ತೆಗೀಬಹುದು, ಆದ್ರೆ ಯಾವ ಕಾರಣಕ್ಕೆ ತೆಗೀತೀವಿ ಅನ್ನೋ ನಿಯಮ ಡೇಟಾ ಶುರು ಮಾಡೋ ಮುಂಚೆ ಬರೆದಿರ್ಬೇಕು. ಚಿತ್ರ ನೋಡಿ ಆಮೇಲೆ ಕಣ್ಣಿಗೆ ಚುಚ್ಚೋ ಚುಕ್ಕಿ ಅಳಿಸೋದು ಪೇಶಂಟಿಗೆ ಮಾಡೋ ಮೋಸ.

ಕಾಣದೇ ಇರೋ ಚುಕ್ಕಿಗಳೂ ಇವೆ, ಅವೇ ಎಲ್ಲಕ್ಕಿಂತ ಮುಖ್ಯ. ಬಿಪಿ ತುಂಬ ಬಿದ್ದಾಗ ಕಫ್ ಎರಡು ಮೂರು ಸಲ ಉಬ್ಬಿ ಕೊನೆಗೆ ಸ್ಕ್ರೀನ್ ಮೇಲೆ ಬರೀ ಗೀಟು ತೋರಿಸ್ತದೆ. ಆ ಸಾಲು ಎಕ್ಸೆಲ್‌ನಲ್ಲಿ ಖಾಲಿ, ಲೆಕ್ಕ ಹಾಕುವಾಗ ತಾನಾಗೇ ಬಿಟ್ಟುಹೋಗ್ತದೆ. ಹಾವು ಕಡಿದು ಬಂದವ್ರು, ಮಂಗನ ಕಾಯಿಲೆ ಜೋರಾಗಿ ಶಾಕಿಗೆ ಹೋದವ್ರು, ವಿಷ ಕುಡಿದವ್ರು, ಕಫ್ ಎಲ್ಲಿ ಸೋಲ್ತದೋ ಆ ಪೇಶಂಟುಗಳೇ ಡೇಟಾದಿಂದ ಹೊರಗೆ ಹೋಗ್ತಾರೆ, ಉಳಿದವ್ರನ್ನ ಇಟ್ಕೊಂಡು ಕಫ್ ಚೆನ್ನಾಗಿದೆ ಅಂತ ಬರೆದಂಗಾಗ್ತದೆ. ಎಷ್ಟು ಸಲ ಕಫ್ ಓದ್ಲಿಲ್ಲ, ಆಗ ಲೈನ್ ಎಷ್ಟಿತ್ತು ಅನ್ನೋದನ್ನ ಬೇರೆ ಟೇಬಲ್ ಮಾಡ್ಲೇಬೇಕು.

240 ಜೋಡಿ ಅಂದ್ರೆ 240 ಜನ ಅಲ್ಲ

ಹನ್ನೆರಡು ಪೇಶಂಟು, ತಲಾ ಇಪ್ಪತ್ತು ರೀಡಿಂಗು, ಒಟ್ಟು 240 ಅಂತ ಹಾಕಿ ಬಿಗಿಯಾದ ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ನಂಬರ್ ಇರಬಹುದಾದ ವ್ಯಾಪ್ತಿ) ತೋರಿಸೋದು ಮಾಮೂಲಿ ಆಗಿಬಿಟ್ಟಿದೆ. ಒಬ್ಬನ ತೋಳು ಒಂದು ಕಡೆ ವಾಲಿದ್ರೆ ಅವನ ಇಪ್ಪತ್ತೂ ರೀಡಿಂಗ್ ಅದೇ ಕಡೆ ವಾಲ್ತದೆ, ಅವು ಇಪ್ಪತ್ತು ಬೇರೆ ಬೇರೆ ಸಾಕ್ಷಿ ಅಲ್ಲ. ಇದಕ್ಕೆ ಮದ್ದು ಅಂತ ಕೆಲವರು ಪ್ರತಿ ಪೇಶಂಟಿನ ಸರಾಸರಿ ಮಾಡಿ 12 ಚುಕ್ಕಿ ಇಡ್ತಾರೆ, ಅದು ಇನ್ನೊಂದು ಗುಂಡಿ. ಪೇಶಂಟಿಂದ ಪೇಶಂಟಿಗೆ ವ್ಯತ್ಯಾಸದ ಎಸ್‌ಡಿ 7, ಒಬ್ಬನೊಳಗೇ 4 ಅಂತ ಇಟ್ಕೊಳ್ಳಿ, ನಿಜವಾದ ಒಟ್ಟು ಎಸ್‌ಡಿ ಅಂದ್ರೆ 49ಕ್ಕೆ 16 ಕೂಡಿಸಿ ವರ್ಗಮೂಲ, 8.1, ಗೆರೆಗಳು ಸರಾಸರಿಯಿಂದ ಆಚೀಚೆ 15.8 ದೂರ. ಸರಾಸರಿ ಮಾಡಿದ್ರೆ ಆ 16 ಇಪ್ಪತ್ತರಿಂದ ಭಾಗ ಆಗಿ 0.8ಕ್ಕೆ ಇಳಿದು ಎಸ್‌ಡಿ 7.1, ಗೆರೆಗಳು 13.8ಕ್ಕೆ ಸರೀತವೆ. ಬೆಡ್ ಹತ್ರ ಸಿಸ್ಟರ್ ನೋಡೋದು ಒಂದೇ ರೀಡಿಂಗು, ಇಪ್ಪತ್ತರ ಸರಾಸರಿ ಅಲ್ಲ, ಹಾಗಾಗಿ ಅವ್ರಿಗೆ ಬೇಕಾಗಿದ್ದು ಅಗಲವಾದ ಗೆರೆಯೇ. ಬ್ಲಾಂಡ್ ಮತ್ತು ಆಲ್ಟ್‌ಮನ್ 2007ರಲ್ಲಿ ಇದಕ್ಕೇ ಅಂತ ಲೆಕ್ಕ ಕೊಟ್ಟಿದ್ದಾರೆ, ಮಿಕ್ಸ್ಡ್ ಮಾಡೆಲ್ ಬರೋರು ಪೇಶಂಟನ್ನ ರ‍್ಯಾಂಡಮ್ ಎಫೆಕ್ಟ್ ಮಾಡಿ ಎರಡೂ ವೇರಿಯನ್ಸ್ ಕೂಡಿಸಿದ್ರೆ ಅದೇ ಸಿಗ್ತದೆ.

ಗೆರೆಗಳಿಗೂ ಕಾನ್ಫಿಡೆನ್ಸ್ ಇಂಟರ್ವಲ್ ಉಂಟು, ಅದನ್ನ ಬರೆಯೋರೇ ಕಮ್ಮಿ. ಅಂದಾಜು ಸ್ಟ್ಯಾಂಡರ್ಡ್ ಎರರ್ ಅಂದ್ರೆ ಎಸ್‌ಡಿ ವರ್ಗಕ್ಕೆ ಮೂರು ಪಟ್ಟು ಮಾಡಿ ಸಂಖ್ಯೆಯಿಂದ ಭಾಗಿಸಿ ವರ್ಗಮೂಲ. ನಮ್ಮ ಎಂಟು ಜೋಡಿಗೆ 3.5 ಬರ್ತದೆ, ಮೇಲಿನ ಗೆರೆ 11.6 ಅಂದಿದ್ದು ನಿಜವಾಗಿ 3.4ರಿಂದ 19.9ರ ತನಕ ಎಲ್ಲಾದ್ರೂ ಇರಬಹುದು. ಅದೇ ಎಸ್‌ಡಿಗೆ ನೂರು ಜನ ಇದ್ರೆ ಆಚೀಚೆ ಬರೀ 2. ಎಷ್ಟು ಪೇಶಂಟ್ ಬೇಕು ಅಂತ ಕೇಳೋರಿಗೆ ಉತ್ತರ ಇಲ್ಲೇ ಇದೆ.

ಇಷ್ಟಾದ ಮೇಲೂ ಎಷ್ಟು ವ್ಯತ್ಯಾಸ ಸಹಿಸಬಹುದು ಅಂತ ಯಾವ ಟೆಸ್ಟೂ ಹೇಳೋದಿಲ್ಲ. ಅದನ್ನ ಡಾಕ್ಟ್ರು, ಸಿಸ್ಟರ್ ಎಲ್ಲ ಕೂತು ಡೇಟಾ ತಗೊಳ್ಳೋ ಮುಂಚೆ ತೀರ್ಮಾನ ಮಾಡ್ಬೇಕು. 110 ಇರೋದನ್ನ 102 ಅಂದ್ರೆ ಯಾರ ಟ್ರೀಟ್‌ಮೆಂಟೂ ಬದಲಾಗೋದಿಲ್ಲ, 58 ಇರೋದನ್ನ 66 ಅಂದ್ರೆ ಬದಲಾಗ್ತದೆ, ಎರಡರಲ್ಲೂ ವ್ಯತ್ಯಾಸ 8. ಈ ತೂಕವನ್ನ ಲೆಕ್ಕಕ್ಕೆ ತರೋದಕ್ಕೆ ಎರರ್ ಗ್ರಿಡ್ ಅಂತ ಇದೆ, ಶುಗರ್ ಮಷೀನಿಗೆ 1987ರಲ್ಲಿ ಬಂತು, ಬಿಪಿಗೆ 2018ರಲ್ಲಿ, ಪ್ರತಿ ಜೋಡಿಯನ್ನ ಅಪಾಯದ ಪ್ರಕಾರ ಐದು ವಲಯದಲ್ಲಿ ಕೂರಿಸ್ತದೆ. ನನ್ನ ಅಭಿಪ್ರಾಯದಲ್ಲಿ ಬ್ಲಾಂಡ್ ಆಲ್ಟ್‌ಮನ್ ಚಿತ್ರದ ಪಕ್ಕ ಇದು ಇರ್ಲೇಬೇಕು.

ಎಸ್‌ಪಿಒ2ಗೆ ಬಂದ್ರೆ

ಬೆರಳಿನ ಕ್ಲಿಪ್ಪಿಗೂ ಎಬಿಜಿಗೂ (ಅಪಧಮನಿ ರಕ್ತದ ಗ್ಯಾಸ್ ಪರೀಕ್ಷೆ) ಹೋಲಿಸುವಾಗ ಮೇಲಿನ ಲೆಕ್ಕವೇ ನಡೀತದೆ, ಆದ್ರೆ ಕೋರಿಲೇಶನ್ ಇಲ್ಲಿ ಉಲ್ಟಾ ಮೋಸ ಮಾಡ್ತದೆ, ಎಲ್ಲ ಪೇಶಂಟೂ 94ರಿಂದ 99ರೊಳಗೆ ಇರೋದ್ರಿಂದ ಒಳ್ಳೇ ಮಷೀನಿಗೂ ಆರ್ 0.4 ಬಂದು ಹೆದರಿಸ್ತದೆ. ಮೊದ್ಲು ಬೆರಳು ನೋಡಿ, ಮದರಂಗಿ ಹಚ್ಚಿದ್ದು, ಉಗುರು ಬಣ್ಣ, ಅಡಿಕೆ ಸುಲಿದು ಕರೆ ಹಿಡಿದ ಬೆರಳು, ಮಳೇಲಿ ನೆನೆದು ತಣ್ಣಗಾದ ಕೈ. ಒರೆಸಿ, ಬೆಚ್ಚಗೆ ಮಾಡಿ, ಬೇರೆ ಬೆರಳಿಗೆ ಹಾಕಿ. ಮೈಬಣ್ಣದ ಮಾತೂ ಮರೀಬೇಡಿ, 2020ರ ಕೊನೆಗೆ ಅಮೆರಿಕದಲ್ಲಿ ಬಂದ ವರದಿಯಲ್ಲಿ ಕ್ಲಿಪ್ 92ರಿಂದ 96 ತೋರಿಸ್ತಿದ್ರೂ ರಕ್ತದಲ್ಲಿ 88ಕ್ಕಿಂತ ಕಮ್ಮಿ ಇದ್ದಿದ್ದು ಕಪ್ಪು ವರ್ಣೀಯರಲ್ಲಿ ಶೇ. 11.7, ಬಿಳಿಯರಲ್ಲಿ ಶೇ. 3.6. ದಿನಾ ಬಿಸಿಲಲ್ಲಿ ದೋಣಿ ಮೇಲೆ ದುಡಿಯೋ ನಮ್ಮ ಜನಕ್ಕೂ ಈ ಪ್ರಶ್ನೆ ಕೇಳ್ಲೇಬೇಕು, ಡೇಟಾದಲ್ಲಿ ಮೈಬಣ್ಣಕ್ಕೆ ಒಂದು ಕಾಲಂ ಇಡಿ.

ಇನ್ನೊಂದು, ಎಬಿಜಿ ಚೀಟಿಯಲ್ಲಿ ಬರೋ ಸ್ಯಾಚುರೇಶನ್ ಅಳೆದಿದ್ದಾ, ಲೆಕ್ಕ ಹಾಕಿದ್ದಾ ಅಂತ ಮಷೀನಿನ ಮ್ಯಾನುಯಲ್ ತೆಗೆದು ನೋಡಿ. ಕೋ-ಆಕ್ಸಿಮೀಟರ್ (ಸ್ಯಾಚುರೇಶನ್ ನೇರವಾಗಿ ಅಳೆಯೋ ಭಾಗ) ಇಲ್ಲದ ಮಷೀನು ಆಕ್ಸಿಜನ್ ಒತ್ತಡದಿಂದ ಸೂತ್ರ ಹಾಕಿ ಆ ನಂಬರ್ ಕೊಡ್ತದೆ. ಅದನ್ನ ರೆಫರೆನ್ಸ್ ಅಂತ ಇಟ್ಕೊಂಡ್ರೆ ಹೋಲಿಸಿದ್ದು ಒಂದು ಅಂದಾಜನ್ನ ಇನ್ನೊಂದು ಅಂದಾಜಿನ ಜೊತೆ. ಮೆಥ್‌ಹಿಮೋಗ್ಲೋಬಿನ್ (ಆಕ್ಸಿಜನ್ ಹೊರಲಾರದ ಹಿಮೋಗ್ಲೋಬಿನ್) ಜೋರಾಗಿ ಏರಿದ ಪೇಶಂಟಲ್ಲಿ ಕ್ಲಿಪ್ 85ರ ಆಸುಪಾಸಲ್ಲೇ ಅಂಟ್ಕೊಂಡು ಕೂರ್ತದೆ, ಅಂಥದ್ದು ಕಂಡ್ರೆ ಹೋಲಿಕೆ ಬಿಟ್ಟು ಮೊದ್ಲು ಡಾಕ್ಟ್ರನ್ನ ಕರೀರಿ.

ಬರೆದು ಕೊಡುವಾಗ ಇಷ್ಟು ಇರ್ಲಿ: ಎಷ್ಟು ಪೇಶಂಟು, ತಲಾ ಎಷ್ಟು ಜೋಡಿ, ಎಷ್ಟು ಸಲ ಕಫ್ ಓದ್ಲಿಲ್ಲ, ಸರಾಸರಿ ವ್ಯತ್ಯಾಸ ಮತ್ತು ಎರಡೂ ಗೆರೆ, ಮೂರಕ್ಕೂ ಇಂಟರ್ವಲ್, ಬಣ್ಣ ಕೊಟ್ಟ ಚಿತ್ರ, 65ರ ಕೆಳಗಿನವ್ರ ಲೆಕ್ಕ ಬೇರೆ. ಕಫ್‌ನಿಂದ ಲೈನ್ ಕಳೆದಿದ್ದೀರಾ, ಲೈನಿಂದ ಕಫ್ ಕಳೆದಿದ್ದೀರಾ ಅಂತ ಚಿತ್ರದ ಮೇಲೇ ಬರೀರಿ, ಅದಿಲ್ದೇ ಪ್ಲಸ್ 8 ಅಂದ್ರೆ ಕಫ್ ಜಾಸ್ತಿಯಾ ಕಮ್ಮಿಯಾ ಅಂತ ಓದುವವ್ರಿಗೆ ಗೊತ್ತಾಗೋದೇ ಇಲ್ಲ.